ಬಾಂಗಿನ ಹೊತ್ತಿನ ಗೆಲುವು

ಹಳದಿ ಹೆಬ್ಬೆರಳೊಂದು ಬೆಳಗ್ಗಿನಿಂದ ಜಿನರಾಜನ ತಲೆಯೊಳಗೆ ನೆಟ್ಟಗೆ ನಿಂತಿತ್ತು. ಮೂರು ತಾಲೂಕು ಚದುರಂಗ ಬಳಗದ ವಾಟ್ಸಾಪ್ ಗುಂಪಿನಲ್ಲಿ ನಿನ್ನೆ ಸಂಜೆಯಿಂದ ಅವನಿಗೆ ಬಂದ ಅಭಿನಂದನೆಗಳಲ್ಲಿ ಹೂಗುಚ್ಛಗಳಿದ್ದವು, ಜೋಡಿಸಿದ ಕೈಗಳಿದ್ದವು, ಯಾರೋ ಪುಣ್ಯಾತ್ಮರು ತಪ್ಪಿ ಒತ್ತಿದ ಅಳುವ ಮುಖವೂ ಒಂದಿತ್ತು. ಅವೆಲ್ಲದರ ನಡುವೆ ಇಬ್ರಾಹಿಮನದು ಬರೀ ಒಂದು ಹೆಬ್ಬೆರಳು. ಭಲೇ ಎಂದೋ, ಆಯಿತು ಬಿಡಿ ಎಂದೋ, ಇನ್ನು ನಿಮಗೂ ನನಗೂ ಇಷ್ಟೇ ಎಂದೋ? ಮೂಡುಬಿದಿರೆಯ ಪೇಟೆಯಲ್ಲಿ ಇಪ್ಪತ್ತು ವರ್ಷ ಪಾತ್ರೆ ಅಂಗಡಿ ಇಟ್ಟವನಿಗೆ ಗಿರಾಕಿಯ ಹುಬ್ಬು ನೋಡಿ ಕುಕ್ಕರು ಕೊಳ್ಳುತ್ತಾನೋ ಚಮಚ ಕೊಳ್ಳುತ್ತಾನೋ ಹೇಳಲು ಬರುತ್ತದೆ, ಒಂದು ಬೆರಳನ್ನು ಓದಲು ಬರುವುದಿಲ್ಲ. ದಿನಾ ಹತ್ತು ಗಂಟೆಗೆ ತೋಡಾರಿನ ಗುಜರಿ ಅಂಗಡಿಯಿಂದ ಇಬ್ರಾಹಿಮನ ಸಂದೇಶ ಬರುವುದು ಕ್ರಮ: ‘ಸಂಜೆ ಬರ್ತೀರಾ, ಹೆದರಿಕೆ ಆಗ್ತದಾ?’ ಹನ್ನೊಂದಾಯಿತು. ಬರಲಿಲ್ಲ. ಬದಲಿಗೆ ಬಂಟ್ವಾಳದಿಂದ ಗುಂಪಿನ ಅಡ್ಮಿನ್ ಶಶಿರಾಜ್ ಕಳಿಸಿದ ಒಂದು ಪೋಸ್ಟರ್ ಬಂತು. ಹಿನ್ನೆಲೆಯಲ್ಲಿ ಸಿಂಹ, ಸಿಂಹದ ಪಕ್ಕದಲ್ಲಿ ಜಿನರಾಜನ ಮದುವೆಯ ಕಾಲದ ಮೀಸೆ, ಕೆಳಗೆ ಕೆಂಪಕ್ಷರದಲ್ಲಿ ‘ಸಾವಿರದ ಐನೂರರ ಸರದಾರ’. ಆ ಮೀಸೆಯನ್ನು ಇವನು ಎಲ್ಲಿಂದ ಹುಡುಕಿದ ಎಂದು ಒಂದು ಗಳಿಗೆ ಬೆರಗಾಗಿ, ಪೋಸ್ಟರನ್ನು ದೊಡ್ಡದು ಮಾಡಿ ನೋಡಿ, ಹಾಗೆ ನೋಡಿದ್ದಕ್ಕೆ ತನಗೇ ಬೈದುಕೊಂಡು, ಜಿನರಾಜ ಫೋನನ್ನು ಇಡ್ಲಿ ತಟ್ಟೆಗಳ ರಾಶಿಯ ಹಿಂದೆ ಕವುಚಿ ಹಾಕಿದ.

ನಡೆದದ್ದು ಇಷ್ಟೇ. ಜಿನರಾಜನ ಮನೆಯಲ್ಲಿ ಸೂರ್ಯ ಮುಳುಗುವ ಮೊದಲು ಊಟ ಮುಗಿಯಬೇಕು. ಇಬ್ರಾಹಿಂ ಸೂರ್ಯ ಮುಳುಗಿದ ಕೂಡಲೇ ನಮಾಜಿಗೆ ಏಳಬೇಕು. ಇವನು ಕೈ ತೊಳೆದು ಅವನು ಕಾಲು ತೊಳೆಯುವುದರ ನಡುವೆ ಒಂದಿಷ್ಟು ಹೊತ್ತು ಉಂಟಲ್ಲ, ಅದು ಆಟದ ಹೊತ್ತು. ಲಾಕ್‌ಡೌನಿಗೆ ಮೊದಲು ತೋಡಾರಿನ ಗುಜರಿ ಅಂಗಡಿಯ ಬೆಂಚಿನ ಮೇಲೆಯೇ ಆಡುತ್ತಿದ್ದದ್ದು. ಮಣೆಯೂ ಗುಜರಿಗೆ ಬಂದದ್ದೇ. ಅದರಲ್ಲಿ ಒಂದು ಕುದುರೆ ಇರಲಿಲ್ಲ. ಅದರ ಜಾಗದಲ್ಲಿ ಹಿತ್ತಾಳೆ ನಲ್ಲಿಯ ತಿರುಪು ಕುಳಿತು ಎರಡೂವರೆ ಮನೆ ಹಾರುತ್ತಿತ್ತು. ಮಸೀದಿಯ ಬಾಂಗ್ ಕೇಳಿದರೆ ಇಬ್ರಾಹಿಂ ‘ಬಂದೆ’ ಎಂದು ಏಳುತ್ತಿದ್ದ. ಎದ್ದಾಗ ಯಾರ ನಡೆಯೋ ಬಂದು ಕುಳಿತಾಗಲೂ ಅವರದೇ ನಡೆ. ಗಾಳಿಗೆ ಬಿದ್ದ ಒಂಟೆಯನ್ನು ಜಿನರಾಜ ಎತ್ತಿ ಅದೇ ಮನೆಯಲ್ಲಿ ಇಟ್ಟದ್ದುಂಟು, ಅದು ತನ್ನ ಆನೆಯನ್ನು ತಿನ್ನಲು ಕಾದು ನಿಂತ ಒಂಟೆಯಾದರೂ. ಆಮೇಲೆ ಲಾಕ್‌ಡೌನ್ ಬಂತು, ಫೋನು ಬಂತು, ಫೋನಿನೊಳಗೆ ಚದುರಂಗದ ಆಪು ಬಂತು, ಆಪಿನೊಳಗೆ ಗಡಿಯಾರ ಬಂತು. ಒಬ್ಬೊಬ್ಬರಿಗೆ ಮೂರು ನಿಮಿಷ. ಫೋನನ್ನು ಸ್ಪೀಕರಿಗೆ ಹಾಕಿ, ಬೈದುಕೊಳ್ಳುತ್ತಾ ಆಡುವುದು; ಬಾಂಗ್ ಆದರೆ ಇಬ್ರಾಹಿಂ ಕಾಲ್ ಕಟ್ ಮಾಡುವುದು. ಹೆಚ್ಚಾಗಿ ಅಷ್ಟರೊಳಗೆ ಆಟ ಮುಗಿದಿರುತ್ತಿತ್ತು. ನಿನ್ನೆ ಮುಗಿದಿರಲಿಲ್ಲ. ಇಬ್ರಾಹಿಮನಿಗೆ ಮಂತ್ರಿ ಇತ್ತು, ಆನೆ ಇತ್ತು; ಜಿನರಾಜನಿಗೆ ಮೂಲೆಗೆ ಸೇರಿದ ರಾಜ ಮತ್ತು ಯಾರ ನೆನಪಿನಲ್ಲೂ ಇರದೆ ಅಂಚಿನಲ್ಲಿ ತೆವಳುತ್ತಿದ್ದ ಒಂದು ಕಾಲಾಳು. ನಡೆ ಇಬ್ರಾಹಿಮನದು. ಮಂತ್ರಿಯನ್ನು ಒಂದು ಮನೆ ಸರಿಸಿದರೆ ಕತೆ ಮುಗಿಯಿತು, ಅದು ತೊಟ್ಟಿಲ ಮಗುವಿಗೂ ಕಾಣುತ್ತಿತ್ತು. ಆಗ ಫೋನಿನಲ್ಲಿ ತೋಡಾರಿನ ಬಾಂಗ್ ಕೇಳಿತು, ‘ಬಂದೆ’ ಕೇಳಿತು, ಪ್ಲಾಸ್ಟಿಕ್ ಕುರ್ಚಿ ನೆಲಕ್ಕೆ ಉಜ್ಜಿದ ಸದ್ದು ಕೇಳಿತು. ಇನ್ನು ಕೇಳಲಿಕ್ಕೇನುಂಟು ಎಂದು ಜಿನರಾಜ ಸ್ಪೀಕರ್ ಆರಿಸಿದ. ಇಬ್ರಾಹಿಮನ ಗಡಿಯಾರ ಓಡುತ್ತಾ ಇತ್ತು.

ಪರದೆಯ ಕೆಳಗೆ ಬಿಳಿ ಬಾವುಟದ ಚಿತ್ರವೊಂದಿದೆ, ಅದನ್ನು ಒತ್ತಿದರೆ ಸೋಲೊಪ್ಪಿದ ಹಾಗೆ. ಜಿನರಾಜನ ಬೆರಳು ಅದರ ತನಕ ಹೋಗಿತ್ತು. ನಿಜವಾಗಿ ಹೋಗಿತ್ತು, ಇದನ್ನು ಅವನು ಯಾವ ದೇವರೆದುರು ಬೇಕಾದರೂ ಹೇಳಿಯಾನು. ಆದರೆ ಆಪು ಲೆಕ್ಕ ಇಡುವ ಅವನ ರೇಟಿಂಗ್ ಸಾವಿರದ ನಾಲ್ಕುನೂರ ತೊಂಬತ್ತಮೂರರಲ್ಲಿತ್ತು, ಈ ಒಂದು ಆಟ ಗೆದ್ದರೆ ಐನೂರು ದಾಟುತ್ತಿತ್ತು. ಎರಡು ವರ್ಷದಿಂದ ಅಲ್ಲೇ ಮಳೆಗಾಲದ ಬಸ್ಸಿನ ಹಾಗೆ ಹಿಂದೆ ಮುಂದೆ ಆಗುತ್ತಿತ್ತು. ಬೆರಳು ಬಾವುಟದ ಮೇಲೆ ಗಾಳಿಯಲ್ಲಿ ನಿಂತು, ಈಗ ಬಂದಾನು, ಈಗ ಬಂದಾನು, ಬಂದರೆ ಅವನೇ ಮುಗಿಸಲಿ, ನಾನು ಯಾಕೆ ಅವಸರ ಮಾಡಿ ಅವನ ಗೆಲುವಿನ ಸುಖ ತಪ್ಪಿಸಬೇಕು ಎಂದೆಲ್ಲ ಲೆಕ್ಕ ಹಾಕಿತು. ಇಬ್ರಾಹಿಮನ ಅಂಕಿಗಳು ಕೆಂಪಾದವು. ಸೊನ್ನೆಯಾದವು. ಅಷ್ಟೆ, ಜಿನರಾಜ ಹಾರಿದ. ಅರುವತ್ತು ಸಮೀಪಿಸಿದ, ಮಂಡಿ ಚಿಪ್ಪಿಗೆ ಎಣ್ಣೆ ತಿಕ್ಕುವ ದೇಹ ಸೋಫಾದಿಂದ ಹಾರಿ, ಯಾವ ಶಾಲೆಯ ಅಂಗಳದಲ್ಲಿ ಬಿಟ್ಟು ಬಂದ ದನಿಯೋ ಏನೋ, ತುಳುವಿನಲ್ಲಿ ‘ಬೂರಿಯೆ! ಬ್ಯಾರಿ ಬೂರಿಯೆ!’ ಎಂದು ಕೂಗಿತು. ಬಿದ್ದ, ಬ್ಯಾರಿ ಬಿದ್ದ. ಕಮಲಾವತಿ ಸಾಬೂನಿನ ಕೈಯಲ್ಲೇ ಅಡಿಗೆಮನೆಯಿಂದ ಓಡಿ ಬಂದಳು.

“ಯಾರು ಬಿದ್ದದ್ದು? ಎಲ್ಲಿ? ಬಚ್ಚಲಲ್ಲಾ?”

“ಯಾರೂ ಇಲ್ಲ. ಆಟದಲ್ಲಿ.”

“ಆಟದಲ್ಲಿ ಬಿದ್ದವರಿಗೆ ಇಷ್ಟು ಬೊಬ್ಬೆಯಾ? ನಾನು ಬಿದ್ದಾಗ ಟಿವಿಯಿಂದ ತಲೆ ಎತ್ತಿದ ಜನ ಅಲ್ಲ ನೀವು.”

ಆ ಮಾತು ಇವತ್ತು ಅಂಗಡಿಯ ತನಕ ಅವನ ಬೆನ್ನಿಗೇ ಬಂದಿತ್ತು. ಎದುರಿಗೆ ಬೆಳುವಾಯಿಯ ಗಿರಾಕಿ ಚಿನ್ನಯ್ಯ ಕುಳಿತು, ತಮ್ಮನ ಮಗನ ಮದುವೆಗೆ ಕೊಡುವ ಕೊಡಪಾನದ ಮೇಲೆ ಹೆಸರು ಬರೆಸುತ್ತಿದ್ದ. ಹೆಸರು ಬರೆಯುವ ಮೆಷಿನ್ ಹಲ್ಲಿನ ಡಾಕ್ಟರನ ಮೆಷಿನಿನಂತೆ ಕಿರುಗುಟ್ಟುತ್ತದೆ. ಸ್ಟೀಲಿನ ಮೇಲೆ ಚುಕ್ಕೆ ಚುಕ್ಕೆಯಾಗಿ ಅಕ್ಷರಗಳು ಮೂಡುತ್ತವೆ. ಆ ಸದ್ದಿನಲ್ಲಿ ಯೋಚನೆ ಚೆನ್ನಾಗಿ ಬರುತ್ತದೆಂದು ಜಿನರಾಜನ ನಂಬಿಕೆ. ಈಗ ಬಂದದ್ದು ಇಬ್ರಾಹಿಮನ ಬೆನ್ನು: ಸಾಲಿನಲ್ಲಿ ಬಾಗಿದ ಬೆನ್ನು, ಮನಸ್ಸಿನಲ್ಲಿ ಯಾವ ಚದುರಂಗವೂ ಇಲ್ಲದೆ ಪಡುವಣಕ್ಕೆ ತಿರುಗಿದ ಬೆನ್ನು, ಅದರ ಹಿಂದಿನಿಂದ ಜೇಬಿಗೆ ಕೈಹಾಕುವ ಜಿನರಾಜ. ಎದುರಿಗೆ ಯಾವತ್ತೂ ‘ಇಬ್ರಾಹಿಂ’, ಯಾವತ್ತೂ ‘ನೀವು’. ಆ ಇನ್ನೊಂದು ಶಬ್ದ ಒಳಗೆ ಎಲ್ಲಿ ಕುಳಿತಿತ್ತು? ಇಲ್ಲಿಯ ಮುಸಲ್ಮಾನರನ್ನು ಬ್ಯಾರಿ ಎಂದರೆ ತಪ್ಪೇನು, ಅವರೇ ಹೇಳಿಕೊಳ್ಳುತ್ತಾರಲ್ಲ. ಹಾಗಾದರೆ ನೀನು ಯಾಕೆ ಎದುರಿಗೆ ಹೇಳಲಿಲ್ಲ? ಕೇಳಿದವರು ಯಾರೂ ಇಲ್ಲ, ಕಮಲಾವತಿ ಬಿಟ್ಟು. ಕೇಳದ್ದು ಹೇಳಿದ ಹಾಗೆ ಆಗುತ್ತದಾ?

“ಜಿನರಾಜಣ್ಣ, ಮದುಮಗನ ಹೆಸರು ಭವಿತ್,” ಎಂದ ಚಿನ್ನಯ್ಯ.

“ಹೌದು, ಭವಿತ್.”

“ನೀವು ಬವಿತ್ತು ಅಂತ ಬರ್ದಿದ್ದೀರಿ. ಹೊಟ್ಟೆ ಸೀಳ್ಳಿಲ್ಲ, ಬಾಲ ಸೇರಿಸಿದ್ದೀರಿ.”

“ಸರಿ ಮಾಡ್ತೇನೆ ಮಾರಾಯ.”

“ಸ್ಟೀಲಿನಲ್ಲಿ ಹೇಗೆ ಸರಿ ಮಾಡ್ತೀರಿ? ಅಳಿಸ್ಲಿಕ್ಕೆ ರಬ್ಬರ್ ಉಂಟಾ?”

ಇರಲಿಲ್ಲ. ಹೊಸ ಕೊಡಪಾನ ಕೊಟ್ಟು, ಬವಿತ್ತುವನ್ನು ಒಳಗೆ ಕತ್ತಲೆಗೆ ಸರಿಸಿ, ಜಿನರಾಜ ಬಂಟ್ವಾಳಕ್ಕೆ ಫೋನ್ ಹಚ್ಚಿದ. ಶಶಿರಾಜ್ ವಕೀಲ, ದೂರದ ಸಂಬಂಧದಲ್ಲಿ ಅಳಿಯ. ಮೊದಲು ಪೋಸ್ಟರ್ ತೆಗೆ ಎಂದು ಹೇಳಬೇಕು ಎಂದುಕೊಂಡವನು ಮೊದಲು ಪೋಸ್ಟರಿಗೆ ಥ್ಯಾಂಕ್ಸ್ ಹೇಳಿದ. ಆಮೇಲೆ, ಬೆಳ್ತಂಗಡಿ ಕಡೆಯ ಒಬ್ಬರಿಗೆ ಹೀಗೆ ಆಯಿತಂತೆ ಎಂದು ಶುರು ಮಾಡಿ, ಬಾಂಗನ್ನು ಕರೆಗಂಟೆ ಮಾಡಿ, ನಮಾಜನ್ನು ಗ್ಯಾಸಿನವನು ಮಾಡಿ, ಇಡೀ ಕತೆ ಹೇಳಿದ.

“ರೂಲ್ ಪ್ರಕಾರ ಸರಿಯೇ ಮಾವ,” ಎಂದ ಶಶಿರಾಜ್. “ಟೈಮ್ ಸಹ ಒಂದು ಕಾಯಿಯೇ ಅಲ್ವಾ? ಅವರು ಅದನ್ನು ಕಳ್ಕೊಂಡ್ರು.”

“ಹಾಗಲ್ಲ. ಒಂದು ಮರ್ಯಾದೆ ಅಂತ ಉಂಟಲ್ಲ.”

“ಮರ್ಯಾದೆಗೆ ಬಟನ್ ಇಲ್ಲ ಮಾವ ಆ ಆಪಿನಲ್ಲಿ.”

“ಬಿಳಿ ಬಾವುಟ ಉಂಟು.”

“ಅದು ಸೋತವರಿಗೆ.” ನಗು ತಡೆದುಕೊಂಡು, “ಬೆಳ್ತಂಗಡಿಯಲ್ಲಿ ಸಹ ಯಾರದ್ದಾದ್ರೂ ಐನೂರು ದಾಟಿತಾ? ಪೋಸ್ಟರ್ ಮಾಡ್ಬೇಕಾ?”

ವಕೀಲನ ಸಮಾಧಾನ ಮಧ್ಯಾಹ್ನದ ಊಟದ ತನಕ ಬಾಳಿತು. ಮನೆಗೆ ಬಂದು ಊಟಕ್ಕೆ ಕುಳಿತವನಿಗೆ, ಸಂಬಂಧವೇ ಇಲ್ಲದೆ, ಬೆಳುವಾಯಿಯ ತಾಳಮದ್ದಳೆ ನೆನಪಾಯಿತು. ವೇಷವಿಲ್ಲದೆ ಕುಳಿತು ಬರೀ ಮಾತಿನಲ್ಲಿ ಯುದ್ಧ ಮಾಡುವ ಕಲೆ; ಜಿನರಾಜನಿಗೆ ಅದರ ಹುಚ್ಚು. ಕಾಲಮಿತಿಯ ಕಾರ್ಯಕ್ರಮ, ಸಂಘದವರು ಗಡಿಯಾರ ನೋಡಿ ನಿಲ್ಲಿಸುತ್ತಾರೆ. ಆ ದಿನ ಇವನದು ಸಾಯುವ ಖಳನ ಪಾತ್ರ. ಕೊಲ್ಲಬೇಕಾದವರು ಪಾಪ, ರಿಟೈರ್ಡ್ ಮಾಸ್ತರು, ವಾರದಿಂದ ಮಾತು ಕಟ್ಟಿಕೊಂಡು ಬಂದವರು. ಸಾಯುವುದಕ್ಕೆ ಮುಂಚೆ ಖಳನಿಗೂ ಒಂದು ಮನಸ್ಸುಂಟಲ್ಲ ಎಂದು ಜಿನರಾಜ ಅದನ್ನು ತೆರೆದ. ತೆರೆದದ್ದು ಮುಚ್ಚಲಿಲ್ಲ. ಬಾಲ್ಯ ಬಂತು, ತಾಯಿ ಬಂದಳು, ಧರ್ಮಸೂಕ್ಷ್ಮ ಬಂತು, ಸಭೆ ಕಣ್ಣೊರೆಸಿಕೊಂಡಿತು, ಸಂಘದವರು ಗಂಟೆ ಬಾರಿಸಿದರು, ಭಾಗವತರು ಹಲ್ಲು ಕಚ್ಚಿ ಮಂಗಳ ಹಾಡಿದರು. ಖಳ ಜೀವಸಹಿತ ಮನೆಗೆ ಹೋದ. ಮಾಸ್ತರು ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದ್ದನ್ನು ಜಿನರಾಜ ನಾಲ್ಕು ಜನಕ್ಕೆ ಹೇಳಿ ನಗಿಸಿದ್ದ. ಈಗ ಅನ್ನದ ಮೇಲೆ ಸಾರು ಬೀಳುವಾಗ ಮಾಸ್ತರರ ಬಗಲಿನ ಜೋಳಿಗೆ ಕಂಡಿತು. ಅದರೊಳಗೆ ಯಾರೂ ಕೇಳದೆ ಉಳಿದ ಒಂದು ವಾರದ ಮಾತು ಇತ್ತಲ್ಲ.

“ಏನು, ಅನ್ನವನ್ನು ಹಾಗೆ ನೋಡ್ತಾ ಇದ್ದೀರಿ, ಅದೇನು ಚೆಕ್ ಕೊಟ್ಟಿತಾ?” ಎಂದಳು ಕಮಲಾವತಿ.

“ತೋಡಾರಿಗೆ ಹೋಗಿ ಬರ್ತೇನೆ.”

“ಹೋಗಿ. ನಿನ್ನೆಯೇ ಹೋಗ್ಬೇಕಿತ್ತು. ಸೂರ್ಯ ಮುಳುಗುವ ಮೊದಲು ಬನ್ನಿ, ಊಟ ಉಂಟು. ಅಲ್ಲಿ ಭಾಷಣ ಮಾಡ್ತಾ ಕೂತ್ಕೊಳ್ಬೇಡಿ.”

ಮಂಗಳೂರಿನ ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿತು. ಕಂಡಕ್ಟರ್ ಬಾಗಿಲಿನಿಂದ ನೇತಾಡಿಕೊಂಡು ‘ರೈಟ್ ಪೋಯಿ’ ಎಂದ ಕೂಡಲೇ ಜಿನರಾಜ ಒಳಗೊಳಗೇ ಕ್ಷಮೆಯನ್ನು ಕಟ್ಟತೊಡಗಿದ. ಮೊದಲು ಸಣ್ಣದಾಗಿ ಕಟ್ಟಿದ: ತಪ್ಪಾಯಿತು, ನಿನ್ನೆಯ ಆಟ ನಿಮ್ಮದೇ. ಇದು ಸಾಲದು. ಗುಜರಿಯವನು ತಕ್ಕಡಿಗೆ ಹಾಕಿದರೆ ಮುಳ್ಳು ಅಲುಗಲಿಕ್ಕಿಲ್ಲ. ಹಾಗಾದರೆ ಸ್ನೇಹದಿಂದ ಶುರು ಮಾಡುವ. ಮೊದಲ ಸಲ ಒಡೆದ ಹಂಡೆ ಮಾರಲು ಹೋದ ದಿನದಿಂದ, ಅಲ್ಲಿಂದ ಮಣೆಗೆ, ಮಣೆಯಿಂದ ನಂಬಿಕೆಗೆ, ನಂಬಿಕೆ ಎಂಬುದು ಗಡಿಯಾರವಿಲ್ಲದ ಆಟ ಎಂಬಲ್ಲಿಗೆ ಬಂದರೆ... ಆಹಾ. ‘ಗಡಿಯಾರವಿಲ್ಲದ ಆಟ’ ಬಹಳ ಚೆನ್ನಾಗಿ ಬಂತು. ಜಿನರಾಜ ಅದನ್ನು ಇನ್ನೊಮ್ಮೆ ತುಟಿಯಲ್ಲಿ ಹೇಳಿ ನೋಡಿದ. ಪಕ್ಕದಲ್ಲಿ ಕುಳಿತ ಕಾಲೇಜು ಹುಡುಗಿ ಬ್ಯಾಗನ್ನು ಮಡಿಲಿಗೆ ಎಳೆದುಕೊಂಡು ಸ್ವಲ್ಪ ಸರಿದು ಕೂತಳು. ತೋಡಾರು ಬಂದಾಗ ಕ್ಷಮೆ ಪೂರ್ತಿಯಾಗಿತ್ತು, ಪೀಠಿಕೆ, ನಡು, ಮುಕ್ತಾಯ ಸಮೇತ. ಅದರಲ್ಲಿ ಆ ತುಳುವಿನ ಕೂಗು ಮಾತ್ರ ಎಲ್ಲೂ ಇರಲಿಲ್ಲ. ಕೇಳದವರಿಗೆ ಯಾಕೆ ಹೇಳಬೇಕು?

ಇಬ್ರಾಹಿಂ ಹಳೆಯ ಫ್ಯಾನೊಂದರ ಹೊಟ್ಟೆ ಬಿಚ್ಚಿ ತಾಮ್ರದ ತಂತಿ ಎಳೆಯುತ್ತಾ ಕುಳಿತಿದ್ದ. ತಲೆ ಎತ್ತಿ, “ಓ, ಸರದಾರರು,” ಎಂದ. ಅಷ್ಟೇ. ತಂತಿ ಎಳೆಯುವುದು ನಿಲ್ಲಲಿಲ್ಲ. ಹಿಂದಿನ ಮನೆಯಿಂದ ಅವನ ಹೆಂಡತಿ ಸಫಿಯಮ್ಮ ನಿಂಬೆ ಶರಬತ್ತು ತಂದಳು.

“ತಕೊಳ್ಳಿ ಜಿನರಾಜಣ್ಣ. ನಿಮ್ಮ ಅಂಗಡಿಯದ್ದೇ ಲೋಟ. ನಾಲ್ಕು ಸಲ ತೊಳೆದದ್ದಕ್ಕೆ ಮುಖ ಕಪ್ಪು ಮಾಡಿದೆ.”

“ಬದಲಿಸಿ ಕೊಡ್ತೇನೆ ಸಫಿಯಮ್ಮ.”

“ಇರ್ಲಿ. ನಿನ್ನೆ ನಿಮ್ಮ ಮನೆಯಲ್ಲಿ ಎಲ್ಲ ಸೌಖ್ಯವಾ? ಯಾರೋ ಬಿದ್ದದ್ದಂತೆ.”

ಜಿನರಾಜ ಇಬ್ರಾಹಿಮನ ಮುಖ ನೋಡಿದ. ಇಬ್ರಾಹಿಂ ಫ್ಯಾನಿನ ಹೊಟ್ಟೆ ನೋಡುತ್ತಿದ್ದ.

“ಫೋನ್ ಕಟ್ ಆಗಿರ್ಲಿಲ್ಲವಾ?” ಎಂದು ಕೇಳಿದವನ ದನಿ ಅವನಿಗೇ ಸಣ್ಣದಾಗಿ ಕೇಳಿತು.

“ಎಲ್ಲಿ ಕಟ್? ಇವರಿಗೆ ಅವಸರ,” ಎಂದಳು ಸಫಿಯಮ್ಮ. “ಕುರ್ಚಿ ಮೇಲೆ ಬಿಸಾಡಿ ಹೋದ್ರು. ಕೈಕಾಲು ತೊಳೆದು ನಮಾಜಿಗೆ ಹೋಗ್ತಾರೆ ಅಂತ ನಾನು ಗ್ರಹಿಸಿದ್ದೆ. ಎಲ್ಲಿಗೆ? ತಿರುಗಿ ಓಡಿ ಬಂದ್ರು. ಒಂದೇ ನಡೆ, ಒಂದೇ ನಡೆ ಅಂತ. ಒದ್ದೆ ಕೈಯಲ್ಲಿ ಒತ್ತಿದ್ರು, ಒತ್ತಿದ್ರು, ಫೋನ್ ಕೇಳ್ಬೇಕಲ್ಲ? ಮಂತ್ರಿ ಜಾಗ ಬಿಟ್ಟು ಹಂದಾಡುದಿಲ್ಲ. ಲುಂಗಿಗೆ ಉಜ್ಜಿದ್ರು, ಲುಂಗಿಯೂ ಒದ್ದೆ. ನನ್ನ ಸೆರಗು ಎಳೀಲಿಕ್ಕೆ ಬಂದ್ರು. ಅಷ್ಟರಲ್ಲಿ ನೀವು ಕೂಗಿದ್ರಿ.”

ಬೆಳಗ್ಗಿನಿಂದ ಹೊತ್ತು ತಿರುಗಿದ ಆ ಬಾಗಿದ ಬೆನ್ನು, ಪಡುವಣಕ್ಕೆ ತಿರುಗಿದ ಆ ಪವಿತ್ರ ಬೆನ್ನು, ಒದ್ದೆ ಲುಂಗಿಯಲ್ಲಿ ಕುರ್ಚಿಯ ಸುತ್ತ ಕುಣಿಯತೊಡಗಿತು. ಜಿನರಾಜನಿಗೆ ಒಂದು ಗಳಿಗೆ ಮೋಸಹೋದ ಹಾಗಾಯಿತು. ಇಡೀ ದಿನ ತಾನು ನೊಂದುಕೊಂಡದ್ದು ಇನ್ಯಾವನಿಗಾಗಿಯೋ. ಇಲ್ಲಿರುವವನು ತನ್ನಂಥವನೇ, ತನ್ನಷ್ಟೇ ಆಸೆಯವನು. ನಗು ಬಂತು. ನಗು ತುಟಿಗೆ ಬರುವ ಮೊದಲೇ ಕೂಗು ನೆನಪಾಯಿತು, ಅದು ಈ ಅಂಗಡಿಯ ತಗಡಿನ ಕೆಳಗೆ, ಈ ಹೆಂಗಸಿನ ಎದುರು, ಯಾವ ದನಿಯಲ್ಲಿ ಬಿದ್ದಿರಬಹುದು ಎಂದು.

“ಆ ಶಬ್ದ...” ಎಂದ.

“ಸುಳ್ಳೇನಿಲ್ಲ,” ಎಂದ ಇಬ್ರಾಹಿಂ, ತಂತಿಯನ್ನು ಬೆರಳಿಗೆ ಸುತ್ತುತ್ತಾ. “ಬ್ಯಾರಿಯೂ ಹೌದು, ಬಿದ್ದದ್ದೂ ಹೌದು. ನನ್ನ ಲೆಕ್ಕ ಬೇರೆ. ಇಷ್ಟು ವರ್ಷ ನೀವು ಗೆದ್ದಾಗಲೆಲ್ಲ ‘ಏನೋ ಅದೃಷ್ಟ ಮಾರಾಯ್ರೆ’ ಅಂತ ಹೇಳ್ತಿದ್ರಿ. ಫೋನ್ ಇಟ್ಟ ಮೇಲೆ ಹೇಳುವುದು ಇದು ಅಂತ ಗೊತ್ತಿರ್ಲಿಲ್ಲ.”

“ಇಲ್ಲ, ಅದು ಮೊದಲನೇ ಸಲ...”

“ನನಗೆ ಹೇಗೆ ಗೊತ್ತು? ಬೇರೆ ದಿನ ಕಟ್ ಮಾಡ್ತಿದ್ದೆನಲ್ಲ.”

ಹಿಂದಿನ ಎಲ್ಲ ಗೆಲುವುಗಳೂ ಸಾಲಾಗಿ ಬಂದು ಬಾಯಿ ಮುಚ್ಚಿಕೊಂಡು ನಿಂತವು. ಇನ್ನು ಇಬ್ರಾಹಿಂ ತನ್ನೊಡನೆ ಆಡುವುದಿಲ್ಲ. ಇನ್ನು ಸಂಜೆ ಊಟ ಮುಗಿಸಿ ಕೈತೊಳೆದರೆ ಕಮಲಾವತಿಯ ಧಾರಾವಾಹಿ, ಅದರಲ್ಲಿ ಅಳುವ ಸೊಸೆ, ಮುಂದೆ ಉಳಿದಷ್ಟು ವರ್ಷ. ಜಿನರಾಜ ಶರಬತ್ತಿನ ಲೋಟ ಕೆಳಗಿಟ್ಟು ನೆಟ್ಟಗೆ ಕುಳಿತ. “ಇಬ್ರಾಹಿಂ, ನಾನು ಎರಡು ಮಾತು ಹೇಳ್ಬೇಕು.”

“ಹೇಳುವಿರಂತೆ,” ಎಂದು ಇಬ್ರಾಹಿಂ ಕೈ ಒರೆಸಿಕೊಂಡು ಫೋನು ತೆಗೆದ. “ಮೊದಲು ಒಂದು ಆಟ ಇಡುವ. ಬಂದವರು ಸುಮ್ಮನೆ ಯಾಕೆ ಹೋಗುದು?”

ಎದೆಯ ಮೇಲಿಂದ ಒಂದು ಕಡೆಯುವ ಕಲ್ಲು ಇಳಿದಂತಾಯಿತು. ಆಟ ಇಡುವ ಎಂದ ಮೇಲೆ ಇನ್ನೇನು! ಜಿನರಾಜನೂ ಫೋನು ತೆಗೆದ, ಅವನಿಗೆ ಬಿಳಿ ಬಂತು. ಗಡಿಬಿಡಿಯಲ್ಲಿ ರಾಜನ ಎದುರಿನ ಕಾಲಾಳನ್ನು ಎರಡು ಮನೆ ನೂಕಿದ. ಇಬ್ರಾಹಿಂ ತನ್ನದನ್ನೂ ಎರಡು ಮನೆ ನೂಕಿ, ಫೋನನ್ನು ತೊಡೆಯ ಮೇಲೆ ಇಟ್ಟು, ಕೈ ಕಟ್ಟಿ, ಬಹಳ ಶ್ರದ್ಧೆಯಿಂದ ಜಿನರಾಜನ ಮುಖ ನೋಡಿದ. “ಹಾಂ. ಏನೋ ಹೇಳ್ತೇನೆ ಅಂದ್ರಿ.”

ಜಿನರಾಜ ಹೇಳಿದ. ಬಸ್ಸಿನಲ್ಲಿ ಕಟ್ಟಿದ್ದು ಕಟ್ಟಿದ ಹಾಗೆ ಬರಲಿಲ್ಲ, ಅದಕ್ಕಿಂತ ಚೆನ್ನಾಗಿ ಬಂತು. ಹಂಡೆಯಿಂದ ಶುರುವಾಯಿತು, ಆ ಹಂಡೆಯ ತೂತಿನಿಂದ ಇಬ್ರಾಹಿಂ ಮೊದಲ ಸಲ ತನ್ನನ್ನು ನೋಡಿದ್ದು, ನಲ್ಲಿಯ ತಿರುಪು ಕುದುರೆಯಾದದ್ದು, ಗಾಳಿಗೆ ಬಿದ್ದ ಒಂಟೆ. ಇಬ್ರಾಹಿಂ ತಲೆಯಾಡಿಸಿದ, ಹೌದು ಹೌದು ಎಂದ, ಒಂಟೆ ಬಂದಾಗ, “ಅದನ್ನು ಸ್ವಲ್ಪ ವಿವರಿಸಿ,” ಎಂದೂ ಕೇಳಿದ. ಇಂಥ ಶ್ರೋತೃ ಬೆಳುವಾಯಿಯಲ್ಲೂ ಸಿಕ್ಕಿರಲಿಲ್ಲ. ಜಿನರಾಜ ವಿವರಿಸಿದ. ನಾಲಿಗೆಯ ಮೇಲಿರುವ ಮನುಷ್ಯ ಒಬ್ಬ, ಅದರ ಅಡಿಯಲ್ಲಿರುವವ ಇನ್ನೊಬ್ಬ. ಅಡಿಯಲ್ಲಿರುವವನಿಗೆ ಎಷ್ಟು ವಯಸ್ಸಾದರೂ ಹಲ್ಲು ಉದುರುವುದಿಲ್ಲ ಇಬ್ರಾಹಿಂ, ನಿನ್ನೆ ಕೂಗಿದ್ದು ಅವನು, ಆದರೆ ಅವನಿಗೆ ಅನ್ನ ಹಾಕಿ ಸಾಕಿದ್ದು ನಾನೇ ಅಲ್ಲವಾ ಎಂದಾಗ ಅವನ ಗಂಟಲು ನಿಜವಾಗಿ ಕಟ್ಟಿತು. ಕಟ್ಟಿದ ಗಂಟಲು ಎಷ್ಟು ಸೊಗಸಾಗಿ ಕೇಳುತ್ತದೆ ಎಂದು ಒಳಗೆ ಯಾರೋ ಗಮನಿಸಿದ. ಸಫಿಯಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು, ಸೆರಗು ಬಾಯಿಗೆ ಹಿಡಿದಿದ್ದಳು. ಅಳುತ್ತಿದ್ದಾಳೆಂದು ಜಿನರಾಜ ತಿಳಿದ. ಇನ್ನು ಮುಕ್ತಾಯ. “ನಂಬಿಕೆ ಎಂಬುದು ಇಬ್ರಾಹಿಂ,” ಎಂದು ಕೈ ಎತ್ತಿ, ಒಂದು ಗಳಿಗೆ ತಡೆದು, “ಗಡಿಯಾರವಿಲ್ಲದ...”

ಅವನ ಫೋನು ಟಿಣ್ ಎಂದಿತು.

ನೋಡಿದರೆ ಬಿಳಿಯ ಕಾಲಾಳು ನೂಕಿದಲ್ಲೇ ನಿಂತಿತ್ತು. ಜಿನರಾಜನ ಗಡಿಯಾರದಲ್ಲಿ ಸೊನ್ನೆಗಳು. ಸಮಯ ಮೀರಿ ಸೋಲು. ರೇಟಿಂಗ್ ಸಾವಿರದ ನಾಲ್ಕುನೂರಕ್ಕೆ ಇಳಿದು, ಬಾಲದಲ್ಲಿ ತೊಂಬತ್ತು ಚಿಲ್ಲರೆ ಉಳಿಸಿಕೊಂಡಿತ್ತು. ಬಾಗಿಲಲ್ಲಿ ಸಫಿಯಮ್ಮ ಸೆರಗು ಬಿಟ್ಟು ನಕ್ಕೇ ನಕ್ಕಳು.

“ಇದು ಯಾವ ನ್ಯಾಯ!” ಜಿನರಾಜ ಎದ್ದು ನಿಂತ. ಕಟ್ಟಿದ್ದ ಗಂಟಲು ಎಲ್ಲಿ ಹೋಯಿತೋ. “ನಾನು ಮಾತಾಡ್ತಾ ಇದ್ದೆ!”

“ನಾನು ಕೈಕಾಲು ತೊಳೀತಾ ಇದ್ದೆ,” ಎಂದ ಇಬ್ರಾಹಿಂ.

“ನೀವು ‘ವಿವರಿಸಿ’ ಅಂತ ಬೇರೆ ಹೇಳಿದ್ರಿ! ಕ್ಷಮೆ ಕೇಳುವವನ ಹತ್ರ ಹೀಗೆ ಮಾಡುದಾ? ನೋಡಿ ನೋಡಿ, ಗೊತ್ತಿದ್ದೂ ಗೊತ್ತಿದ್ದೂ...” ಮುಂದಿನ ಶಬ್ದ ನಾಲಿಗೆಯ ತುದಿಗೆ ಬಂತು. ಜಿನರಾಜನಿಗೆ ಅದು ಬಂದದ್ದು ಗೊತ್ತಾಯಿತು, ಇಬ್ರಾಹಿಮನಿಗೂ ಗೊತ್ತಾಯಿತು, ಇಬ್ಬರೂ ಅದನ್ನೇ ನೋಡುತ್ತಾ ನಿಂತ ಹಾಗಿತ್ತು.

“ಹೇಳಿ,” ಎಂದ ಇಬ್ರಾಹಿಂ ಮೆತ್ತಗೆ. “ಇವತ್ತು ಎದುರಿಗೇ ಇದ್ದೇನೆ.”

“ಕಳ್ಳ ಬ್ಯಾರಿ,” ಎಂದ ಜಿನರಾಜ.

ತಗಡಿನ ಮೇಲೆ ಕಾಗೆಯೊಂದು ನಡೆದಾಡಿದ ಸದ್ದು ಕೇಳಿತು. ಇಬ್ರಾಹಿಂ ತಂತಿಯ ಸುರುಳಿಯನ್ನು ಬೆರಳಿನಿಂದ ಬಿಡಿಸಿ ತಕ್ಕಡಿಗೆ ಹಾಕಿದ. “ಹಾಂ. ಈಗ ಸರಿ. ಫೋನಿನಲ್ಲಿ ಕೇಳಿದ್ದಕ್ಕಿಂತ ಹೀಗೆ ಒಳ್ಳೆಯದು ಜಿನರಾಜಣ್ಣ. ನಾನು ಸಹ ನಿಮ್ಮನ್ನು ಏನೇನು ಕರೀತೇನೆ ಅಂತ ಇವಳ ಹತ್ರ ಕೇಳಿ.”

“ಅಯ್ಯೋ, ಅದು ಹೇಳುವಂಥದ್ದಲ್ಲ,” ಎಂದಳು ಸಫಿಯಮ್ಮ. “ಒಂದರಲ್ಲಿ ನಿಮ್ಮ ಕುಕ್ಕರ್ ಸಹ ಬರ್ತದೆ.”

ಜಿನರಾಜ ಕುಳಿತ. ಅವನಿಗೆ ಆ ಕ್ಷಣ ಹೊಟ್ಟೆಯಲ್ಲಿ ಇದ್ದದ್ದು ಪಶ್ಚಾತ್ತಾಪವಲ್ಲ, ಸಿಟ್ಟು. ಕಳೆದುಹೋದ ಅಂಕಗಳ ಬಗ್ಗೆ ಶುದ್ಧವಾದ, ಎಳೆಯ, ಉರಿಯುವ ಸಿಟ್ಟು. ಬೆಳಗ್ಗಿನಿಂದ ಇಷ್ಟು ಹಾಯೆನಿಸಿರಲಿಲ್ಲ. ಪರದೆಯ ಮೇಲೆ ಇಬ್ರಾಹಿಮನ ಮರು ಆಟದ ಕರೆ ಬಂದಿತ್ತು. ಒತ್ತಿದ. ಈ ಸಲ ಬಿಳಿ ಇಬ್ರಾಹಿಮನದು. ಅವನೊಂದು ಕಾಲಾಳು, ಇವನೊಂದು ಕಾಲಾಳು. ನಡೆ ಈಗ ಇಬ್ರಾಹಿಮನದು, ಓಡುವುದು ಇಬ್ರಾಹಿಮನ ಗಡಿಯಾರ. ಅವನು ಫೋನನ್ನು ಮತ್ತೆ ತೊಡೆಯ ಮೇಲೆ ಇಟ್ಟು ಕೈ ಕಟ್ಟಿದ.

“ನಿಮ್ಮ ಮಾತು ಅರ್ಧದಲ್ಲಿ ನಿಂತಿತಲ್ಲ. ಮುಗಿಸಿ. ಈಗ ಹೋಗುದು ನನ್ನ ಸಮಯ. ಅವಸರ ಇಲ್ಲ.”

ಜಿನರಾಜ ಬಾಯಿ ತೆರೆದ. ಎದುರಿನ ಫೋನಿನಲ್ಲಿ ಅಂಕಿಗಳು ಒಂದೊಂದಾಗಿ ಇಳಿಯುತ್ತಿದ್ದವು. ಮುಕ್ತಾಯ ಅಲ್ಲೇ ಇತ್ತು, ಪೂರ್ತಿ ಇತ್ತು, ಬಹಳ ಚೆನ್ನಾಗಿತ್ತು. ಇಬ್ರಾಹಿಂ ಕಾಯುತ್ತಿದ್ದ.

“ಆಡಿ ಮಾರಾಯ್ರೆ,” ಎಂದ ಜಿನರಾಜ. “ಆಡಿ.”